ಎರಡನೆಯ ಗುಡ್ ನೈಟ್

ಜನವರಿ 14, 2014, ಮಂಗಳವಾರ

ಈ ದಿನಚರಿಯ ಒಡತಿ ಡ್ರುಸಿಲ್ಲಾ ಅಗಾಥಾ ಲಿಬರ್ಡ್, ಈ ದ್ವೀಪದ ಕ್ರ್ಯಾಬ್ ಘಾಟ್ ಊರಿನ ಪ್ರಾಥಮಿಕ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಸೇವಾವಧಿ ಮೂವತ್ತೆಂಟು ವರ್ಷ, ನಾಲ್ಕು ತಿಂಗಳು. ಇದನ್ನು ಮೊದಲ ಪುಟದ ಮೊದಲ ಸಾಲಿನಲ್ಲೇ ಬರೆದಿಡಲು ಕಾರಣವಿದೆ. ಇಂದು ಬೆಳಿಗ್ಗೆ ಪೊಲೀಸ್ ಠಾಣೆಯಲ್ಲಿ ನಿಸ್ಬೆಟ್ ಎಂಬ ಕಾನ್‌ಸ್ಟೆಬಲ್ ನನ್ನ ಹೆಸರನ್ನು 'ಡ್ರಸಿಲಾ ಲಿಬರ್ಟ್' ಎಂದೂ ನನ್ನ ಉದ್ಯೋಗವನ್ನು 'ಮನೆಗೆಲಸ' ಎಂದೂ ಬರೆದ.

"ಮನೆಗೆಲಸ ಅಂದ್ರೆ ತಪ್ಪೇನು ಟೀಚರ್? ಮನೇಲೇ ಇರ್ತೀರಲ್ಲ."

"ನೀನು ಓದಿದ್ದು ಯಾವ ಶಾಲೆ?"

"ಪಟ್ಟಣದ್ದು."

"ಗೊತ್ತಾಗುತ್ತದೆ," ಎಂದೆ.

ನಡೆದದ್ದು ಇಷ್ಟು. ನಿನ್ನೆ ಸಂಜೆ ಆರೂವರೆಗೆ ನಾನು ವರಾಂಡದಲ್ಲಿ ಕುಳಿತು ಹಸಿ ತೊಗರಿಕಾಯಿ ಸುಲಿಯುತ್ತಿದ್ದೆ. ಆಗಲೇ ಕತ್ತಲಾಗಿತ್ತು. ನನ್ನ ಮನೆಯ ಕಡಲ ಕಡೆಯ ಕೋಣೆಯಲ್ಲಿ ಬಾಡಿಗೆಗೆ ಇಳಿದುಕೊಂಡಿರುವ ಕೆನಡಾದ ಮಿಸ್ ಕೆಸ್ಲರ್ ಹುಣಸೆ ಓಣಿಯಲ್ಲಿ ಒಬ್ಬಳೇ ಬರುತ್ತಿದ್ದಳು. ಆಕೆಯ ಹಿಂದೆ ಎಳನೀರು ಮಾರುವ ಹಾಜ್ ಬಂದ. ಐವತ್ತನಾಲ್ಕು ವರ್ಷದ ಒರಟ, ಅಂಗಿಯ ಗುಂಡಿ ಹಾಕಿದ್ದನ್ನು ನಾನು ಕಂಡಿಲ್ಲ. ಕೈಯಲ್ಲಿ ಮಚ್ಚು. "ಗುಡ್ ನೈಟ್" ಎಂದ. ಆಕೆ ಮಾತಾಡಲಿಲ್ಲ. ಇಡೀ ಓಣಿಗೆ ಕೇಳುವಂತೆ "ಗುಡ್ ನೈಟ್ ಅಂದೆ!" ಎಂದು ಇನ್ನೊಮ್ಮೆ ಕೂಗಿದ. ಆಕೆ ಕಿರುಚಿ ಓಡಿದಳು. ಎಡವಿ ಬಿದ್ದು, ಮಣಿಕಟ್ಟು ಉಳುಕಿಸಿಕೊಂಡು, ಕೈಚೀಲವನ್ನು ಬಿದ್ದಲ್ಲೇ ಬಿಟ್ಟು, ನನ್ನ ಅಂಗಳಕ್ಕೆ ನುಗ್ಗಿದಳು. ನಾನು ಗೇಟಿಗೆ ಬೀಗ ಹಾಕಿ ಆಕೆಯ ಕೈಗೆ ಬಟ್ಟೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಯಾರೋ "ಒಳಗ್ಯಾರು?" ಎಂದು ಎರಡು ಸಲ ಕರೆದರು. ವರಾಂಡದ ದೀಪ ಆರಿಸಿದೆ. ಇಂಥ ಸಮಯದಲ್ಲಿ ಗೇಟು ತೆರೆಯುವವರು ಮೂರ್ಖರು.

ಇಂದು ಬೆಳಿಗ್ಗೆ ಪೊಲೀಸರಿಗೆ ಆ ಚೀಲ ಹಾಜ್‌ನ ಅಡುಗೆ ಮೇಜಿನ ಮೇಲೆ ಸಿಕ್ಕಿತು. ಇನ್ನೇನು ಬೇಕು? ಮಚ್ಚು ಹಿಡಿದು ದರೋಡೆಗೆ ಯತ್ನಿಸಿದ ಆರೋಪ. ಸಾಬೀತಾದರೆ ಎಂಟು ವರ್ಷ ಸೆರೆಮನೆ. ವಿಚಾರಣೆ ಇದೇ ಇಪ್ಪತ್ತೆಂಟಕ್ಕೆ. ಓಣಿಯಲ್ಲಿ ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳೇ.

ನಿಸ್ಬೆಟ್ ಬರೆದುಕೊಂಡ ಒಂದೂವರೆ ಪುಟದ ಹೇಳಿಕೆಯಲ್ಲಿ ಏಳು ತಪ್ಪುಗಳಿದ್ದವು. ಒಂದೊಂದನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಗುರುತು ಹಾಕಿ, ಕೊನೆಗೆ ಪೂರ್ಣ ಸಹಿ ಮಾಡಿದೆ. ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಜನವರಿ 15, ಬುಧವಾರ

ಪ್ರವಾಸಿಗರ ಸುರಕ್ಷಾ ಸಮಿತಿಯ ತುರ್ತು ಸಭೆ. ಅಧ್ಯಕ್ಷರು ಆಸ್ಬರ್ಟ್ ತಿಬೂ, ಮೂರು ಹೋಟೆಲುಗಳ ಧಣಿ. ನಾನು ಉಪಾಧ್ಯಕ್ಷೆ. ಪ್ರವಾಸಿಗರನ್ನು ಹೊತ್ತು ತರುವ ಹಡಗಿನ ಕಂಪನಿಯಿಂದ ಪತ್ರ ಬಂದಿದೆಯಂತೆ: ನಮ್ಮ ದ್ವೀಪದಲ್ಲಿ ನಿಲ್ಲಬೇಕೋ ಬೇಡವೋ ಎಂದು ಮರುಪರಿಶೀಲನೆ ಮಾಡುತ್ತಾರಂತೆ.

"ಹೋದ ವರ್ಷ ದಂಡೆ ಮೇಲೆ ಇಬ್ಬರನ್ನ ಚಾಕು ತೋರಿಸಿ ದೋಚಿದ್ರು, ಅವರು ಇವತ್ತಿಗೂ ಸಿಕ್ಕಿಲ್ಲ," ಎಂದರು ತಿಬೂ. "ಈ ಸಲಾನೂ ಕೈ ಬರಿದು ಅಂದ್ರೆ ಹಡಗು ನಮ್ಮ ಕಡೆ ಮೂತಿನೂ ತಿರುಗಿಸಲ್ಲ. ಟ್ಯಾಕ್ಸಿಯೋನು, ಟೋಪಿ ಹೆಣೆಯೋಳು, ಎಲ್ಲರ ಒಲೇನೂ ಆರುತ್ತೆ. ಪುಣ್ಯಕ್ಕೆ ಈ ಸಲ ಟೀಚರ್ ಡ್ರು ಸಾಕ್ಷಿ ಇದ್ದಾರೆ. ಮ್ಯಾಜಿಸ್ಟ್ರೇಟರ ಚಹಾ ಆರೋದರೊಳಗೆ ತೀರ್ಪು ಬರುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನನಗೆ ರುಚಿಸದು. ಆದರೆ ಇಂದಿನದು ಅನುಚಿತವಾಗಿರಲಿಲ್ಲ. ದ್ವೀಪದ ಪ್ರತಿಯೊಂದು ಬಾಡಿಗೆ ಕೋಣೆಯ ಗೋಡೆಯ ಮೇಲೂ ತೂಗುವ 'ಸಂದರ್ಶಕರಿಗೆ ಹನ್ನೆರಡು ಸೂಚನೆಗಳು' ನಾನೇ ಬರೆದದ್ದು. ಅದರಲ್ಲಿ ಒಂದು ಅಲ್ಪವಿರಾಮವನ್ನೂ ಸಮಿತಿ ಮುಟ್ಟಿಲ್ಲ.

ಹಾಜ್‌ನಂಥವರು ಊರಿಗೆ ಹತ್ತಿದ ಗೆದ್ದಲು.

ಜನವರಿ 16, ಗುರುವಾರ

ಮಿಸ್ ಕೆಸ್ಲರ್ ಬಂದು ಒಂಬತ್ತು ದಿನವಾಯಿತು. ಒಂದು ದಿನವೂ ಬೆಳಿಗ್ಗೆ ಎದ್ದು ಬಂದವಳು ಮುಖ ನೋಡಿ ಒಂದು ಗುಡ್ ಮಾರ್ನಿಂಗ್ ಹೇಳಿದ್ದಿಲ್ಲ. ಇಂದು ನಾನೂ ಕಾಫಿ ಪಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತೆ.

"ಕಾಫಿ ಆಗಿದ್ಯಾ?"

"ಗುಡ್ ಮಾರ್ನಿಂಗ್," ಎಂದೆ.

"ಕಾಫಿ..."

"ಗುಡ್ ಮಾರ್ನಿಂಗ್, ಮಿಸ್ ಕೆಸ್ಲರ್!"

ಆಕೆ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದಳು. "ನೀವೂ ಅವನ ಥರಾನೇ ಮಾಡ್ತಿದ್ದೀರಲ್ಲ!"

"ಯಾರ ಥರ?"

"ಅವನೇ, ಆ ಮಚ್ಚಿನವನು. ಒಂದು ಸಲ ಹೇಳಿ, ಉತ್ತರ ಬರದಿದ್ರೆ ಜೋರು ಮಾಡಿ ಇನ್ನೊಂದು ಸಲ. ಅದೂ ಏನಂದ? ಗುಡ್ ನೈಟ್! ಕತ್ತಲಲ್ಲಿ ಬೆನ್ನ ಹಿಂದೆ ಮಚ್ಚು ಹಿಡ್ಕೊಂಡು ಬಂದು ಗುಡ್ ನೈಟ್ ಅಂದ್ರೆ ಏನರ್ಥ? ನಿನ್ನ ಕಥೆ ಮುಗೀತು, ಮಲಗು ಅಂತ ತಾನೇ?"

ನನಗೆ ಮೊದಲು ಆಕೆಯ ಮಾತೇ ಅರ್ಥವಾಗಲಿಲ್ಲ.

"ಗುಡ್ ನೈಟ್ ಎಂದರೆ ಎದುರು ಸಿಕ್ಕಾಗ ಹೇಳುವ ಮಾತು," ಎಂದೆ.

"ಸಿಕ್ಕಾಗ ಗುಡ್ ಈವನಿಂಗ್ ಅಂತಾರೆ. ಗುಡ್ ನೈಟ್ ಅನ್ನೋದು ಹೊರಡುವಾಗ, ಮಲಗೋಕೆ ಹೋಗುವಾಗ."

"ಹೊತ್ತು ಮುಳುಗಿದ ಮೇಲೆ ಈವನಿಂಗ್ ಎಲ್ಲಿಯದು? ದೀಪ ಹಚ್ಚಿದ ಮೇಲೆ ದಾರಿಯಲ್ಲಿ ಸಿಕ್ಕವರಿಗೆ, ಗೇಟಿಗೆ ಬಂದವರಿಗೆ, ಅಂಗಡಿಯಲ್ಲಿ ಕುಳಿತವರಿಗೆ ಇಲ್ಲಿ ಹೇಳುವುದು ಗುಡ್ ನೈಟ್. ಹೇಳದೆ ಹೋಗುವವರನ್ನು ಕತ್ತೆಗಳು ಎನ್ನುತ್ತಾರೆ. ನೀವು ತಿರುಗಿ ಹೇಳಿದ್ದರೆ ಅವನು ತನ್ನ ಪಾಡಿಗೆ ತಾನು ಹೋಗುತ್ತಿದ್ದ."

"ಹೇಳಬಾರದು ಅಂತ ನಿಮ್ಮ ಗೋಡೆ ಮೇಲೇ ಇದೆಯಲ್ರೀ! ಐದನೇ ನಂಬರ್."

ಐದನೆಯ ಸೂಚನೆ: 'ಕತ್ತಲಾದ ಮೇಲೆ ಅಪರಿಚಿತರು ಮಾತನಾಡಿಸಿದರೆ ಉತ್ತರಿಸದೆ ವೇಗವಾಗಿ ಮುಂದೆ ಸಾಗಿರಿ.' ಇನ್ನೊಮ್ಮೆ ಹೋಗಿ ಓದಿ ಬಂದೆ. ವಾಕ್ಯ ಸರಿಯಾಗಿದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ.

ಇರಲಿ. ಚೀಲ ಅವನ ಮನೆಗೆ ಹೇಗೆ ಹೋಯಿತು ಎಂಬುದಕ್ಕೆ ಗುಡ್ ನೈಟ್ ಉತ್ತರವಲ್ಲ. ಕಾಫಿಯನ್ನು ಕೊಟ್ಟೆ, ಆರಿದ ಮೇಲೆ.

ಜನವರಿ 18, ಶನಿವಾರ

ಇಂದು ಅನುಭವಿಸಿದ ಅವಮಾನವನ್ನು ಕ್ರಮವಾಗಿ ಬರೆದಿಡುತ್ತೇನೆ.

ಏಳು ಗಂಟೆಗೆ ದಂಡೆಯ ಮೀನು ಮಾರುಕಟ್ಟೆಗೆ ಹೋದೆ. ಹನ್ನೊಂದು ಜನ ಹೆಂಗಸರಿದ್ದರು, ಎಣಿಸಿದ್ದೇನೆ. ಅವರಲ್ಲಿ ಎಂಟು ಜನ ನನ್ನ ಮುಂದೆ ನೆಲದ ಮೇಲೆ ಕುಳಿತು ಅಕ್ಷರ ಕಲಿತವರು. ಎಲ್ಲರ ನಡುವೆ ಯೂಲಾಲಿ ಹಾಜ್, ಆ ಎಳನೀರಿನವನ ಅಕ್ಕ, ದೊಡ್ಡದೊಂದು ಕೆಂಪು ಮೀನಿನ ಪೊರೆ ಹೆರೆಯುತ್ತಿದ್ದಳು.

"ಗುಡ್ ಮಾರ್ನಿಂಗ್," ಎಂದೆ.

ಒಬ್ಬಳೂ ತಲೆ ಎತ್ತಲಿಲ್ಲ. ಚಾಕುಗಳ ಸದ್ದು ಮಾತ್ರ. ಈ ಮಾರುಕಟ್ಟೆಯಲ್ಲಿ ನಾಯಿಯನ್ನೂ ಹೀಗೆ ನಡೆಸಿಕೊಂಡದ್ದನ್ನು ನಾನು ಕಂಡಿಲ್ಲ. ಕಡಲ ಗಾಳಿಗೆ ಕೇಳಿಸಲಿಲ್ಲವೇನೋ ಎಂದು ದನಿ ಎತ್ತರಿಸಿದೆ.

"ಗುಡ್ ಮಾರ್ನಿಂಗ್ ಎಂದೆ!"

ಯೂಲಾಲಿ ಕೈಯಲ್ಲಿದ್ದ ಮೀನನ್ನು ಕಿವಿಯ ಹತ್ತಿರ ಹಿಡಿದಳು. "ಏನಮ್ಮ ಮೀನಮ್ಮ? ಹಿಂದಿಂದ ಯಾರೋ ಕೂಗ್ದಂಗಾಯ್ತಾ? ಹೂಂ ಕಣೆ, ನಂಗೂ ಕೇಳ್ತು. ಬೆದರಿಕೆ ಇರ್ಬೇಕು. ಕರ್ಸೋಣ್ವಾ ಪೊಲೀಸ್ನೋರ್ನ?"

ಹನ್ನೊಂದೂ ಬಾಯಿಗಳು ಒಟ್ಟಿಗೆ ನಕ್ಕವು.

"ಯೂಲಾಲಿ, ನಾನು ನಿನ್ನ ಮನೆಯ ವ್ಯವಹಾರಕ್ಕೆ ಬಂದಿಲ್ಲ. ಎರಡು ಮೀನು ಬೇಕಿತ್ತು."

"ಉತ್ರ ಕೊಡಂಗಿಲ್ಲ ಟೀಚರ್. ಗೋಡೆ ಮೇಲೆ ಬರ್ದು ನೇತಾಕಿದ್ದೀರಲ್ಲ, ಐದ್ನೇ ನಂಬ್ರು. ನಾನು ತಿಬೂ ಹೋಟ್ಲಲ್ಲಿ ಕಸ ಗುಡಿಸ್ತಿದ್ದಾಗ ದಿನಾ ಓದ್ತಿದ್ದೆ. ಗುರುತಿಲ್ದೋರು ಮಾತಾಡ್ಸಿದ್ರೆ ಬಾಯ್ ಮುಚ್ಕೊಂಡು ಮುಂದಕ್ಕೆ ಹೋಗ್ತಾ ಇರ್ಬೇಕಂತೆ."

"ನಾನು ನಿಮಗೆ ಗುರುತಿಲ್ಲದವಳೇ?"

"ಸೋಮವಾರ ರಾತ್ರಿವರ್ಗೂ ಗುರುತಿತ್ತು," ಎಂದು ಯೂಲಾಲಿ ಮೀನಿನ ಹೊಟ್ಟೆ ಸೀಳಿದಳು.

ಬರಿಗೈಯಲ್ಲಿ ಬಂದೆ. ಮಧ್ಯಾಹ್ನ ಉಪ್ಪುಮೀನು, ಬೇಯಿಸಿದ ದೀವಿಹಲಸು. ಇವರ ಮೀನಿಲ್ಲದಿದ್ದರೆ ನಾನು ಸಾಯುವುದಿಲ್ಲ.

ಜನವರಿ 19, ಭಾನುವಾರ

ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಪಾದ್ರಿಗಳು 'ಪಕ್ಕದವರ ಕೈ ಕುಲುಕಿರಿ' ಎಂದಾಗ ಪ್ರಾರ್ಥನಾ ಪುಸ್ತಕ ಓದಿದೆ.

ಜನವರಿ 21, ಮಂಗಳವಾರ

ಲಾಕಪ್ಪಿಗೆ ಹೋಗಿದ್ದೆ. ಕನಿಕರದಿಂದಲ್ಲ. ಚೀಲದ ಸಂಗತಿ ಇತ್ಯರ್ಥವಾಗದೆ ನನಗೆ ಐದು ದಿನಗಳಿಂದ ಒಂದು ಪುಟವನ್ನೂ ನೆಟ್ಟಗೆ ಓದಲಾಗುತ್ತಿಲ್ಲ. ಕಾರಣ ಅಷ್ಟೇ.

"ಗುಡ್ ಆಫ್ಟರ್‌ನೂನ್, ಹಾಜ್."

ಅವನು ಗೋಡೆಗೆ ಒರಗಿ ಕುಳಿತಿದ್ದವನು ನಿಧಾನವಾಗಿ ಎದ್ದ. "ಗುಡ್ ಆಫ್ಟರ್‌ನೂನ್, ಟೀಚರ್. ನೋಡಿ, ಹೇಳ್ಬಿಟ್ಟೆ. ಇದಕ್ಕೆಷ್ಟು ವರ್ಷ?"

"ಅಧಿಕಪ್ರಸಂಗ ಬೇಡ. ಚೀಲವನ್ನು ಯಾಕೆ ಇಟ್ಟುಕೊಂಡೆ?"

"ಇಟ್ಕೊಂಡ್ನಾ? ಬಿದ್ದಿದ್ದನ್ನ ಎತ್ಕೊಂಡು ನೆಟ್ಟಗೆ ನಿಮ್ಮ ಗೇಟಿಗೇ ತಂದೆ. 'ಒಳಗ್ಯಾರು' ಅಂತ ಕೂಗ್ದೆ. ಸದ್ದಿಲ್ಲ. ಮತ್ತೆ ಕೂಗ್ದೆ. ದೀಪ ಆರ್ಸಿದ್ರಿ."

ಅವನು ಸರಳುಗಳ ಹತ್ತಿರಕ್ಕೆ ಬಂದ.

"ಗೇಟಿಗೆ ನೇತಾಕಿ ಹೋಗೋಣ ಅಂದ್ಕೊಂಡೆ. ಯಾವನಾದ್ರೂ ಎತ್ಕೊಂಡೋದ್ರೆ ಆಗ್ಲೂ ಹಾಜ್‌ನೇ ಕದ್ದ ಅಂತೀರಿ. ಬೆಳಿಗ್ಗೆ ಕೊಟ್ರಾಯ್ತು ಅಂತ ಮನೆಗೆ ತಗೊಂಡೋದೆ. ಚೀಲದ ಬಾಯಿ ಕೂಡ ತೆಗ್ದಿಲ್ಲ, ಬೇಕಾದ್ರೆ ಆ ಬಿಳಿಯಮ್ಮನ್ನೇ ಕೇಳಿ, ಏನಾದ್ರೂ ಹೋಗಿದ್ಯಾ ಅಂತ. ನಾನು ಮುಖ ತೊಳೆಯೋದ್ರೊಳಗೆ ನಿಸ್ಬೆಟ್ ಬಾಗ್ಲು ಒದ್ದ."

ಏನೂ ಹೋಗಿಲ್ಲವೆಂದು ಮಿಸ್ ಕೆಸ್ಲರ್ ಆ ದಿನವೇ ಹೇಳಿದ್ದು ನಿಜ. ದೋಚಲು ಅವನಿಗೆ ಸಮಯ ಸಿಗಲಿಲ್ಲ ಎಂದು ನಾನು ವಾದಿಸಿದ್ದೆ. ಇಡೀ ರಾತ್ರಿ ಇತ್ತಲ್ಲ.

"ಒಮ್ಮೆ ಹೇಳಿ ಸುಮ್ಮನೆ ಹೋಗಬಹುದಿತ್ತು," ಎಂದೆ. "ಎರಡನೆಯ ಸಲ ಹಾಗೆ ಅರಚುವ ಅಗತ್ಯವೇನಿತ್ತು?"

ಅವನು ಸರಳುಗಳ ಸಂದಿಯಿಂದ ಎರಡೂ ಅಂಗೈಗಳನ್ನು ಹೊರಗೆ ಚಾಚಿದ.

"ಕೇಳ್ತಿರೋರು ಯಾರು ನೋಡ್ರಪ್ಪ! ನಾಕ್ನೇ ಕ್ಲಾಸು, ಟೀಚರ್. ಶಾಲೆ ನೋಡೋಕೆ ಇನ್‌ಸ್ಪೆಕ್ಟರ್ ಬಂದಿದ್ರು. ಗುಡ್ ಮಾರ್ನಿಂಗ್ ಸರ್ ಅಂದೆ. ಅವ್ರಿಗೆ ಕೇಳಿಸ್ಲಿಲ್ಲ. ನಾನು ನಾಚ್ಕೊಂಡು ಸುಮ್ನಾದೆ. ಅವ್ರು ಆ ಕಡೆ ಹೋಗಿದ್ದೇ ತಡ, ನೀವು ರೂಲುದೊಣ್ಣೆ ತಗೊಂಡ್ರಿ. 'ಉತ್ತರ ಬರಲಿಲ್ಲ ಎಂದರೆ ಕೇಳಿಸಲಿಲ್ಲ ಎಂದರ್ಥ. ಕೇಳಿಸುವಂತೆ ಇನ್ನೊಮ್ಮೆ ಹೇಳು.' ಎರಡು ಈ ಕೈಗೆ, ಎರಡು ಈ ಕೈಗೆ."

ನನ್ನ ದನಿಯನ್ನು ಅವನು ಅನುಕರಿಸಿದ ರೀತಿಗೆ ಪಕ್ಕದ ಕೋಣೆಯ ಕುಡುಕನೊಬ್ಬ ನಕ್ಕ.

"ನನಗೆ ನೆನಪಿಲ್ಲ," ಎಂದೆ.

"ಹೊಡ್ದೋರಿಗೆ ಯಾಕಿರುತ್ತೆ ಬಿಡಿ. ಅದು ತಿಂದೋರ ಕೆಲ್ಸ." ಕೈಗಳನ್ನು ಒಳಗೆಳೆದುಕೊಂಡ. "ನಿಮ್ಮ ಹೇಳಿಕೆ ಓದಿ ಹೇಳಿದ್ರು. ಬೆದರಿಸೋ ದನೀಲಿ ಕೂಗಿದ ಅಂತ ಬರೆಸಿದ್ದೀರಂತೆ. ಅಷ್ಟು ವರ್ಷ ಪಾಠ ಹೇಳಿದ್ದೀರಿ, ಬೆದರ್ಸೋ ದನಿ ಯಾವ್ದು, ಮರ್ಯಾದೆ ಕೇಳೋ ದನಿ ಯಾವ್ದು, ಗೊತ್ತಾಗಲ್ವಾ ನಿಮ್ಗೆ?"

"ನಾನು ಹಾಗೆ ಹೇಳಿಲ್ಲ. ಕೂಗಿದ ಎಂದೆ. ಬೆದರಿಸಿದ ಎನ್ನಲಿಲ್ಲ."

"ಹಂಗಾದ್ರೆ ನಿಮ್ಮ ಸಹಿ ಬೆಕ್ಕು ಹಾಕ್ತಾ?"

ಇಂಥ ಮಾತನ್ನು ನನ್ನ ಜೀವಮಾನದಲ್ಲಿ ಯಾರೂ ನನಗೆ ಆಡಿಲ್ಲ. ನೀರು ಕೇಳಿದ. ನಿಸ್ಬೆಟ್‌ನಿಗೆ ಹೇಳಿ ಕೊಡಿಸಿ ಬಂದೆ.

ಜನವರಿ 22, ಬುಧವಾರ

ಠಾಣೆಯಲ್ಲಿ ಸಾರ್ಜೆಂಟ್ ಮೇನಾರ್ಡ್ ನನ್ನ ಹೇಳಿಕೆಯನ್ನು ಮೇಜಿನ ಮೇಲೆ ಹರಡಿದರು. ನಾಲ್ಕನೆಯ ಸಾಲು: 'ಬೆದರಿಸುವ ದನಿಯಲ್ಲಿ ಗುಡ್ ನೈಟ್ ಎಂದು ಕೂಗಿದನು.' ನಿಸ್ಬೆಟ್ 'ಧನಿ' ಎಂದು ಬರೆದಿದ್ದಾನೆ. ಮಹಾಪ್ರಾಣವನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದು 'ದ' ಮಾಡಿದ್ದೇನೆ. ಅಂಚಿನಲ್ಲಿ ನನ್ನ ಗುರುತೂ ಇದೆ. ಬಾಲ ಕತ್ತರಿಸಿದ ಆ ಅಕ್ಷರದ ಪಕ್ಕದಲ್ಲೇ 'ಬೆದರಿಸುವ' ಎಂಬ ಪದ, ಕಾಗುಣಿತ ಸರಿಯಾಗಿದ್ದುದರಿಂದ, ನನ್ನ ಕಣ್ಣಿಗೆ ಬೀಳದೆ ಕುಳಿತಿದೆ.

"ಈ ಪದ ನನ್ನದಲ್ಲ. ಇದನ್ನು ತೆಗೆಯಬೇಕು," ಎಂದೆ.

ಸಾರ್ಜೆಂಟ್ ನಕ್ಕರು. "ಟೀಚರ್, ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಇಷ್ಟು ಎಚ್ಚರದಿಂದ ಓದಿ ಸಹಿ ಹಾಕಿದ ಸಾಕ್ಷೀನ ನಾನು ನೋಡೇ ಇಲ್ಲ. ಅದೇ ಸಾಲಲ್ಲಿ ಅಕ್ಷರ ತಿದ್ದಿದ್ದೀರಿ. ಈಗ ಆ ಸಾಲು ಓದಿರ್ಲಿಲ್ಲ ಅಂದ್ರೆ ಯಾವ ಕೋರ್ಟು ನಂಬುತ್ತೆ?"

"ಓದಿದೆ. ನೋಡಲಿಲ್ಲ."

"ಅದೇನೋ ನಿಮ್ಮ ವ್ಯಾಕರಣ, ನಮಗೆ ತಿಳಿಯಲ್ಲ. ಒಂದು ಮಾತು ಹೇಳ್ತೀನಿ, ಕೇಳಿ. ಈ ಹೇಳಿಕೆ ಸುಳ್ಳು ಅಂತ ನೀವೇ ಬರ್ಕೊಟ್ರೆ, ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ಕೇಸು ನಿಮ್ಮ ಮೇಲೆ ಬೀಳುತ್ತೆ. ಈ ವಯಸ್ಸಲ್ಲಿ ಬೇಕಾ? ಅದೂ ಆ ಹಾಜ್‌ಗೋಸ್ಕರ?"

"ಯಾರಿಗೋಸ್ಕರವೂ ಅಲ್ಲ. ತಪ್ಪು ತಪ್ಪೇ."

ಹೇಳಿಕೆಯ ನಕಲು ಕೇಳಿದೆ. ಗೊಣಗುತ್ತ ಕೊಟ್ಟರು. ನಿಸ್ಬೆಟ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಮುಖದಲ್ಲಿ ನಗುವಿತ್ತೋ ಇಲ್ಲವೋ, ನಾನು ಆ ಕಡೆ ತಿರುಗಲಿಲ್ಲ.

ಜನವರಿ 23, ಗುರುವಾರ

ತಿಬೂ ತಮ್ಮ ದೊಡ್ಡ ಕಾರಿನಲ್ಲಿ ಬಂದರು. ಸಾರ್ಜೆಂಟರ ಬಾಯಿ ಸೋರುವ ಕೊಳಾಯಿ.

"ಏನ್ ಟೀಚರ್ ಡ್ರು, ನಮ್ಮ ಕಡೆ ಗೋಲಿಗೇ ಚೆಂಡು ಒದೀತಿದ್ದೀರಂತೆ?"

"ಅವನು ಆಡಿದ್ದು ಬರಿಯ ಗುಡ್ ನೈಟ್, ಮಿಸ್ಟರ್ ತಿಬೂ. ನಾವೆಲ್ಲರೂ ಆಡುವ ಮಾತು."

"ನನಗೆ ಗೊತ್ತಿಲ್ವಾ? ನಮ್ಮಮ್ಮ ನನಗೂ ಅದನ್ನೇ ಹೇಳ್ಕೊಟ್ಟಿದ್ದು. ನನಗೂ ಗೊತ್ತು, ಸಾರ್ಜೆಂಟ್‌ಗೂ ಗೊತ್ತು. ಹಡಗಿನೋರಿಗೆ ಗೊತ್ತಿಲ್ಲ, ಅಷ್ಟೇ. ಅವರಿಗೆ ಪಾಠ ಹೇಳೋಕೆ ಈಗ ಟೈಮಿಲ್ಲ. ಒಬ್ಬ ಎಳನೀರಿನೋನು ನಾಕು ವರ್ಷ ಒಳಗಿದ್ರೆ ಊರು ಹೊರಗೆ ಉಸಿರಾಡುತ್ತೆ."

"ಎಂಟು ವರ್ಷ."

"ಲೆಕ್ಕದಲ್ಲಿ ನೀವು ಯಾವತ್ತೂ ಗಟ್ಟಿ." ಎದ್ದು ನಿಂತು ನನ್ನ ವರಾಂಡವನ್ನು ತಮ್ಮದೆಂಬಂತೆ ನೋಡಿದರು. "ಕಡಲ ಕಡೆ ಕೋಣೆ ಚೆನ್ನಾಗಿದೆ. ಪ್ರವಾಸಿಗರನ್ನ ಇಳಿಸೋಕೆ ಅನುಮತಿ ಕೊಡೋದು, ತೆಗೆಯೋದು ಸಮಿತಿ, ಮರೀಬೇಡಿ. ಬರೀ ಪಿಂಚಣೀಲಿ ಈ ಮನೆ ಹೆಂಚು ಬದಲಾಯಿಸೋಕಾಗುತ್ತಾ?"

"ನೀವು ಕೊಟ್ಟ ಅನುಮತಿ ಪತ್ರದಲ್ಲಿ 'ಸಂದರ್ಶಕ' ಎಂಬ ಪದ ಮೂರು ಕಡೆ ಮೂರು ಬಗೆಯಾಗಿದೆ," ಎಂದೆ. "ಗೇಟು ಹಾಕಿಕೊಂಡು ಹೋಗಿ."

ಹಾಕದೆ ಹೋದರು. ಪಕ್ಕದ ಮನೆಯ ಮೇಕೆ ನುಗ್ಗಿ ಚೆಂಡುಹೂವೆಲ್ಲ ಮೇಯ್ದಿತು.

ಜನವರಿ 25, ಶನಿವಾರ

ಮಿಸ್ ಕೆಸ್ಲರ್ ಹೊರಟಳು. ಆಕೆ ಪೆಟ್ಟಿಗೆ ಕಟ್ಟುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದೆ: ನಿಮ್ಮ ಹೇಳಿಕೆಯನ್ನು ಬದಲಿಸುತ್ತೀರಾ?

"ಅವನು ನನ್ನ ಮುಟ್ಟಿದ ಅಂತ ನಾನೆಲ್ಲೂ ಹೇಳಿಲ್ಲ. ಹೆದರಿದೆ ಅಂದೆ. ಹೆದರಿದ್ದು ಸುಳ್ಳಾ?"

"ನಿಮ್ಮ ಹೆದರಿಕೆಗೆ ಒಬ್ಬನ ಎಂಟು ವರ್ಷ ಹೋಗುತ್ತದೆ."

ಆಕೆ ಮಂಚದ ತುದಿಯಲ್ಲಿ ಕುಳಿತಳು. ಪಟ್ಟಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ನಮ್ಮೂರಲ್ಲಿ ಒಂದು ಸಲ, ಕಾರು ನಿಲ್ಲಿಸೋ ಜಾಗದಲ್ಲಿ, ಒಬ್ಬ ಹಿಂದಿಂದ ಬಂದು ಹಲೋ ಅಂದ. ನಾನು ನಿಂತು, ತಿರುಗಿ, ಹಲೋ ಅಂದೆ. ಆಮೇಲೆ ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಅದಕ್ಕೇ ಇಲ್ಲಿ ಬಂದ ದಿನವೇ ನಿಮ್ಮ ಹನ್ನೆರಡನ್ನೂ ಬಾಯಿಪಾಠ ಮಾಡಿದೆ. ಒಳ್ಳೆ ಹೆಂಗಸು, ಯೋಚನೆ ಮಾಡಿ ಬರೆದಿದ್ದಾಳೆ ಅಂದ್ಕೊಂಡೆ."

ನನಗೆ ಇನ್ನಷ್ಟು ಸಿಟ್ಟು ಬಂತು.

"ಬದಲಿಸುತ್ತೀರೋ ಇಲ್ಲವೋ?"

"ಇಲ್ಲ. ಬರೆದು ಕೊಟ್ಟಾಗಿದೆ. ಮೂರಕ್ಕೆ ವಿಮಾನ."

ಪೆಟ್ಟಿಗೆಯನ್ನು ಟ್ಯಾಕ್ಸಿಯವರೆಗೆ ನಾನೇ ಹೊತ್ತೆ, ಆಕೆಯ ಮಣಿಕಟ್ಟು ಇನ್ನೂ ಊದಿಕೊಂಡಿತ್ತು ಎಂಬ ಒಂದೇ ಕಾರಣಕ್ಕೆ. ಒಳಗೆ ಬಂದು ಗೋಡೆಯ ಮೇಲಿನ ಸೂಚನೆಗಳನ್ನು ಇಳಿಸಿದೆ. ಚೌಕಟ್ಟಿನ ಹಿಂದೆ ಗೋಡೆ ಬೆಳ್ಳಗೆ ಉಳಿದಿದೆ, ನೋಡಲು ಅಸಹ್ಯ.

ಜನವರಿ 26, ಭಾನುವಾರ

ಶಾಲೆಯ ಹಳೆಯ ಕಟ್ಟಡ ಕೆಡವಿದಾಗ ಗೆದ್ದಲಿಗೆ ಬಿಡಬಾರದೆಂದು ಮನೆಗೆ ತಂದಿದ್ದ ಪುಸ್ತಕಗಳನ್ನು ಮಂಚದ ಕೆಳಗಿನಿಂದ ಎಳೆದೆ. ಹಾಜರಿ, ದಾಸ್ತಾನು, ದಂಡನಾ ಪುಸ್ತಕ. ಹೊಡೆದ ಪ್ರತಿ ಏಟನ್ನೂ ಕಾರಣಸಹಿತ ಬರೆದಿಡುವುದು ಆಗಿನ ನಿಯಮ. 1969ರದನ್ನು ಬೆಳಗಿನಿಂದ ಓದಿದೆ. ಎಷ್ಟೊಂದು ಹೆಸರುಗಳು. ಜೂನ್ ತಿಂಗಳ ಪುಟ ಸಿಕ್ಕಿತು. ಇಲ್ಲಿ ನಕಲು ಮಾಡುವುದಿಲ್ಲ.

ನನಗಾಗ ಇಪ್ಪತ್ತಮೂರು. ಸಿಲ್ವನಸ್ ಹಾಜ್‌ನಿಗೆ ಒಂಬತ್ತು.

ಚರ್ಚಿಗೆ ಹೋಗಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯೂಲಾಲಿ ಲಾಕಪ್ಪಿಗೆ ಊಟದ ಡಬ್ಬಿ ಹಿಡಿದು ಓಣಿಯಲ್ಲಿ ಹೋಗುತ್ತಿದ್ದಳು. ಗೇಟಿನಿಂದ "ಗುಡ್ ನೈಟ್, ಯೂಲಾಲಿ" ಎಂದೆ. ತಿರುಗಿ ನೋಡದೆ ಹೋದಳು. ಎರಡನೆಯ ಸಲ ಹೇಳಲು ದನಿ ಬರಲಿಲ್ಲ. ನೆಗಡಿ ಹಿಡಿದಿರಬೇಕು.

ಜನವರಿ 27, ಸೋಮವಾರ

ಬೆಳಗಿನಿಂದ ಮೂರು ಕರಡು ಹರಿದೆ. ಮೊದಲನೆಯದರಲ್ಲಿ ನಿಸ್ಬೆಟ್‌ನ ಅಜ್ಞಾನದ ಬಗ್ಗೆ ಒಂದು ಪುಟ, ಎರಡನೆಯದರಲ್ಲಿ ತಿಬೂ ಅವರ ಹೋಟೆಲುಗಳ ಬಗ್ಗೆ ಎರಡು ಪುಟ. ಮೂರನೆಯದರಲ್ಲಿ ನನ್ನ ಸೇವಾವಧಿಯ ವಿವರವಿತ್ತು. ಎಲ್ಲವೂ ಸೊಗಸಾದ ವಾಕ್ಯಗಳು. ಉಳಿದದ್ದು ಇದು. ನ್ಯಾಯಾಲಯದ ಗುಮಾಸ್ತರ ಕೈಗೇ ಕೊಟ್ಟು ರಸೀದಿ ಪಡೆದಿದ್ದೇನೆ. ಕಳುಹಿಸಿದಂತೆಯೇ ಇಲ್ಲಿ ಬರೆದುಕೊಳ್ಳುತ್ತೇನೆ.

*ಮಾನ್ಯ ಮ್ಯಾಜಿಸ್ಟ್ರೇಟರಿಗೆ,*

*ನಾಳೆ ತಮ್ಮ ಮುಂದೆ ಬರಲಿರುವ ಶ್ರೀ ಸಿಲ್ವನಸ್ ಹಾಜ್ ಅವರ ಮೊಕದ್ದಮೆಯಲ್ಲಿ ನಾನು ಸಹಿ ಮಾಡಿಕೊಟ್ಟ ಹೇಳಿಕೆ ಸುಳ್ಳು. ಅವರು ಯಾರನ್ನೂ ಬೆದರಿಸಲಿಲ್ಲ. ಎರಡು ಸಲ ಗುಡ್ ನೈಟ್ ಎಂದರು. ಮೊದಲನೆಯದು ಈ ದ್ವೀಪದ ರೂಢಿ. ಎರಡನೆಯದು ನಾನು ಕಲಿಸಿದ ಪಾಠ. ಆ ಪ್ರವಾಸಿ ಮಹಿಳೆ ಉತ್ತರಿಸದೆ ಓಡಿದ್ದು ನಾನು ಬರೆದ ಸೂಚನೆಯಂತೆ. ಇಬ್ಬರೂ ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದರು.*

*ಕೈಚೀಲವನ್ನು ಶ್ರೀ ಹಾಜ್ ಆ ಸಂಜೆಯೇ ನನ್ನ ಗೇಟಿಗೆ ತಂದು ಎರಡು ಸಲ ಕರೆದರು. ಕೇಳಿಸಿತು. ದೀಪ ಆರಿಸಿದವಳು ನಾನು. ಇದನ್ನು ಪೊಲೀಸರಿಗೆ ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.*

*ಸುಳ್ಳು ಹೇಳಿಕೆಗೆ ಶಿಕ್ಷೆಯುಂಟೆಂದು ಸಾರ್ಜೆಂಟ್ ಮೇನಾರ್ಡ್ ಅವರಿಂದ ತಿಳಿದಿದ್ದೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನ್ಯಾಯಾಲಯದಲ್ಲಿರುತ್ತೇನೆ. ಶ್ರೀ ಹಾಜ್ ಅವರನ್ನು ಬಿಡುಗಡೆ ಮಾಡುವ ಹೊತ್ತಿಗೆ ನನ್ನನ್ನು ಹುಡುಕುವ ತೊಂದರೆ ಇರುವುದಿಲ್ಲ.*

*ಡ್ರುಸಿಲ್ಲಾ ಎ. ಲಿಬರ್ಡ್*

*ಲಗತ್ತುಗಳು:*

*1. ನನ್ನ ಹೇಳಿಕೆಯ ನಕಲು. ತಿದ್ದಿದ ತಪ್ಪುಗಳು ಏಳಲ್ಲ, ಎಂಟು. ಎಂಟನೆಯದನ್ನು ಇಂದು ತಿದ್ದಿದ್ದೇನೆ.*

*2. 'ಸಂದರ್ಶಕರಿಗೆ ಹನ್ನೆರಡು ಸೂಚನೆಗಳು', ಒಂದು ಪ್ರತಿ. ಐದನೆಯದರ ಮೇಲೆ ಗೆರೆ ಎಳೆದಿದೆ.*

*3. ಸುರಕ್ಷಾ ಸಮಿತಿಗೆ ನನ್ನ ರಾಜೀನಾಮೆ. ಇದರೊಂದಿಗೆ ಬಾಡಿಗೆ ಕೋಣೆಯ ಅನುಮತಿ ಪತ್ರ, ಹಿಂದಿರುಗಿಸಲು.*

*4. ಕ್ರ್ಯಾಬ್ ಘಾಟ್ ಶಾಲೆಯ ದಂಡನಾ ಪುಸ್ತಕದಿಂದ ಒಂದು ಪುಟ, ಮೂಲಪ್ರತಿ. ದಿನಾಂಕ: 11 ಜೂನ್ 1969. ವಿದ್ಯಾರ್ಥಿ: ಎಸ್. ಹಾಜ್. ತಪ್ಪು: ಉತ್ತರ ಬಾರದಿದ್ದಾಗ ವಂದನೆಯನ್ನು ಎರಡನೆಯ ಸಲ ಹೇಳದಿರುವುದು. ಶಿಕ್ಷೆ: ಅಂಗೈಗೆ ನಾಲ್ಕು ಏಟು. ಪರಿಣಾಮ ಎಂಬ ಅಂಕಣದಲ್ಲಿ, ನನ್ನ ಕೈಬರಹದಲ್ಲಿ: 'ಮತ್ತೆಂದೂ ಮರೆಯಲಿಲ್ಲ.'*